ಕೋಟಗಿರಿಯಲ್ಲಿ ಅಮ್ಮನ ಹವಾ ಬದಲಾವಣೆ

ಅಮ್ಮನಿಗೆ ಡೆಂಗಿ ಬಂದು ಹೋಗಿ ಎರಡು ತಿಂಗಳಾಗಿತ್ತು. ಜ್ವರ ಬಿಟ್ಟರೂ ಸುಸ್ತು ಬಿಟ್ಟಿರಲಿಲ್ಲ. ತಟ್ಟೆ ಮುಂದೆ ಕೂತರೆ ಎರಡು ತುತ್ತು ತಿಂದು ಎದ್ದುಬಿಡುತ್ತಿದ್ದಳು. ಡಾಕ್ಟರು ರಿಪೋರ್ಟೆಲ್ಲ ತಿರುವಿ ಹಾಕಿ, "ಎಲ್ಲ ಸರಿ ಇದೆ, ನಾಲ್ಕು ದಿನ ತಂಪಾದ ಕಡೆ ಕರ್ಕೊಂಡು ಹೋಗಿ, ಹವಾ ಬದಲಾದ್ರೆ ಊಟ ಸೇರುತ್ತೆ" ಅಂದರು. ಈ ಕಾಲದಲ್ಲೂ ಡಾಕ್ಟರುಗಳು ಹೀಗೆ ಹೇಳ್ತಾರಾ ಅಂತ ನನಗೆ ನಗು ಬಂತು. ಅಮ್ಮ ಮಾತ್ರ ಅದನ್ನು ಮಾತ್ರೆ ಚೀಟಿಗಿಂತ ಜಾಸ್ತಿ ನಂಬಿದಳು.

ಊಟಿ ಬೇಡವೇ ಬೇಡ ಅಂದಳು. "ಅಲ್ಲಿ ಬರೀ ಜನ, ಬರೀ ಚಾಕೊಲೇಟು." ಹಾಗಾಗಿ ಊಟಿಯಿಂದ ಇನ್ನೂ ಸುಮಾರು 30 ಕಿಲೋಮೀಟರ್ ಆಚೆ ಇರುವ ಕೋಟಗಿರಿ ಅಂತ ಆಯಿತು. ಗುಡ್ಡದ ರೈಲು ಕೂನೂರಿಗೆ 1899ರಲ್ಲಿ ಬಂತು, ಊಟಿಗೆ 1908ರಲ್ಲಿ. ಕೋಟಗಿರಿಗೆ ಬರಲೇ ಇಲ್ಲ. ಅದಕ್ಕೇ ಊರು ಇನ್ನೂ ಚಿಕ್ಕದಾಗಿ ಉಳಿದಿದೆ ಅಂತ ನನ್ನ ಲೆಕ್ಕ.

ಒಂದೇ ಚಿಂತೆ. ಅಮ್ಮ ಚಾಮರಾಜನಗರದವಳು, ಅಲ್ಲಿಯ ಕನ್ನಡ ಬಿಟ್ಟು ಬೇರೆ ಭಾಷೆ ಬರಲ್ಲ. ನನಗೆ ಹರಕು ಮುರುಕು ತಮಿಳು ಬರುತ್ತದೆ, ಇಂಗ್ಲಿಷಂತೂ ಇದ್ದೇ ಇದೆ. ನಾಲ್ಕು ದಿನವೂ ಅವಳಿಗೆ ನಾನೇ ದುಭಾಷಿ ಅಂದುಕೊಂಡೇ ಹೊರಟೆ.

ಮೊದಲ ದಿನ

ಜನವರಿ ಮೊದಲ ವಾರ. ಮೈಸೂರಿನಿಂದ ಬೆಳಗ್ಗೆ 7ಕ್ಕೆ ಊಟಿ ಬಸ್ಸು. ಕಾರಲ್ಲಿ ಹೋಗುವವರು 2024ರ ಮೇ ತಿಂಗಳಿಂದ ನೀಲಗಿರಿಗೆ ಇ-ಪಾಸ್ ಮಾಡಿಸಬೇಕು, ಬಸ್ಸಿನವರಿಗೆ ಆ ತಲೆನೋವಿಲ್ಲ. ಬಂಡೀಪುರದಲ್ಲಿ ಜಿಂಕೆಗಳು ಬಿಟ್ಟರೆ ಏನೂ ಕಾಣಲಿಲ್ಲ. ಗೂಡಲೂರು ದಾಟಿ ಘಾಟಿ ಹತ್ತುವಾಗ ಅಮ್ಮನಿಗೆ ಹೊಟ್ಟೆ ತೊಳಸತೊಡಗಿತು, ನಿಂಬೆಹಣ್ಣು ಮೂಸಿಕೊಂಡು ಕಣ್ಣು ಮುಚ್ಚಿ ಕೂತಳು. ನಡುವಟ್ಟಂ ಬಂದಾಗ ಎಬ್ಬಿಸಿ ಹೇಳಿದೆ, ಇಲ್ಲೇ ಇಂಗ್ಲಿಷರು 1860ರ ದಶಕದಲ್ಲಿ ಸಿಂಕೋನಾ ಮರ ಹಾಕಿಸಿದ್ದು, ಅದರ ತೊಗಟೆಯಿಂದಲೇ ಮಲೇರಿಯಾಕ್ಕೆ ಕ್ವಿನೈನ್ ಮಾಡುತ್ತಿದ್ದದ್ದು ಅಂತ. "ಡೆಂಗಿಗೆ ಯಾವ ಮರವೂ ಇಲ್ವಂತಾ?" ಅಂದು ಮತ್ತೆ ಕಣ್ಣು ಮುಚ್ಚಿದಳು.

ಊಟಿ ಬಸ್‌ಸ್ಟ್ಯಾಂಡಿನಲ್ಲಿ ಬೇರೆ ಬಸ್ಸು. ಈ ದಾರಿ ದೊಡ್ಡಬೆಟ್ಟದ ಪಕ್ಕದಲ್ಲೇ ಹಾದು ಕಟ್ಟಬೆಟ್ಟು ಕಡೆಗೆ ಇಳಿಯುತ್ತದೆ. ಊಟಿ ಸುಮಾರು 2,240 ಮೀಟರ್ ಎತ್ತರದಲ್ಲಿದ್ದರೆ ಕೋಟಗಿರಿ 1,800ರ ಹತ್ತಿರ. 2,637 ಮೀಟರಿನ ದೊಡ್ಡಬೆಟ್ಟ ಪಶ್ಚಿಮಕ್ಕೆ ಗೋಡೆ ಕಟ್ಟಿದ ಹಾಗೆ ನಿಂತಿದೆ. ಮುಂಗಾರಿನ ಹೊಡೆತವೆಲ್ಲ ಅದರ ಆ ಕಡೆಗೆ. ಊಟಿಯ ಹಾಗೆ ಇಲ್ಲಿ ಜೂನ್-ಜುಲೈನಲ್ಲಿ ದಿನವಿಡೀ ನೆನೆಯುವುದಿಲ್ಲ, ಚಳಿಯೂ ಮೂಳೆ ಕೊರೆಯುವಷ್ಟಿಲ್ಲ. ಕಾಯಿಲೆ ಬಿದ್ದವರಿಗೆ ಈ ಊರು ಹಿಡಿಸಿದ್ದು ಅದಕ್ಕೇ. ಹಿಂಗಾರು ಮಾತ್ರ ಇಲ್ಲಿ ಜೋರು. 2009ರ ನವೆಂಬರಿನಲ್ಲಿ ಗುಡ್ಡ ಕುಸಿದು ಈ ಜಿಲ್ಲೆಯಲ್ಲಿ 40ಕ್ಕೂ ಹೆಚ್ಚು ಜನ ತೀರಿಕೊಂಡರು. ಒಳ್ಳೆ ಹವಾ ಅಂತ ಬರೆಯುವವರು ಇದನ್ನೂ ಬರೆಯಬೇಕು ಅಲ್ವಾ.

ನಾವು ಉಳಿದದ್ದು ಒಂದು ಮನೆಯ ಮೇಲಿನ ಕೋಣೆಯಲ್ಲಿ. ಮನೆಯೊಡತಿ ನೀಲಗಿರಿಯ ಬಡಗ ಸಮುದಾಯದ ಹೆಂಗಸು, ಅಮ್ಮನಿಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ನಾನು ತಮಿಳಿನಲ್ಲಿ ಶುರು ಮಾಡಿ ಒದ್ದಾಡುತ್ತಿದ್ದೆ. ಅವರು ನನ್ನನ್ನು ಬಿಟ್ಟು ಅಮ್ಮನ ಕಡೆ ತಿರುಗಿ "ನಿಂಗ ಹೆಸರು ಏನ?" ಅಂದರು. ಅಮ್ಮ ಥಟ್ಟನೆ ಹೆಸರು ಹೇಳಿದಳು. ಹೇಳಿ ಆದ ಮೇಲೆ ಇಬ್ಬರೂ ಮುಖ ಮುಖ ನೋಡಿಕೊಂಡರು.

ನನ್ನ ದುಭಾಷಿ ಕೆಲಸ ಅಲ್ಲಿಗೆ ಹೋಯಿತು.

ಬಡಗ ಭಾಷೆ ಕನ್ನಡದ ಹತ್ತಿರದ್ದು ಅಂತ ಓದಿದ್ದೆ. ಕನ್ನಡದ ಉಪಭಾಷೆ ಅಂತ ಕೆಲವರು, ಅಲ್ಲ ಬೇರೆಯೇ ಭಾಷೆ ಅಂತ ಕೆಲವರು. ಬೇರೆ ಭಾಷೆಯೇ ಅಂತ ಅನ್ನುವ ಬಡಗರ ಮಾತಿಗೆ ನನ್ನ ಓಟು, ಯಾಕಂದ್ರೆ ಅವರು ಅವರವರೇ ಬೇಗ ಬೇಗ ಮಾತಾಡಿಕೊಂಡಾಗ ನನಗೆ ಅರ್ಧ ತಿಳಿಯಲಿಲ್ಲ. ಕೆಲವು ಸ್ವರಗಳನ್ನು ಹಳಬರು ನಾಲಿಗೆ ಹಿಂದಕ್ಕೆ ಮಡಚಿ ಹೇಳುತ್ತಾರೆ, ನನ್ನ ಬಾಯಿಗೆ ಅದು ಬರಲೇ ಇಲ್ಲ. ಆದರೆ ಒಂದು, ಎರಡು, ಮೂರು, ನಾಕು, ಹತ್ತು. ಹಾಲು, ಹಬ್ಬ, ಮನೆ. ಪಕ್ಕದ ತಮಿಳಿನಲ್ಲಿ 'ಪ' ಇರುವ ಕಡೆ ಇಲ್ಲಿ ನಮ್ಮ ಹಾಗೇ 'ಹ'. ತಮಾಷೆ ಅಂದ್ರೆ ಅಮ್ಮನ ಬಾಯಲ್ಲಿ ಆ 'ಹ' ಇಲ್ಲ. ಅವಳದು ಆಲು, ಅಬ್ಬ, ಅಣ್ಣು. ಹೊಸಗನ್ನಡದ 'ಹ'ಕಾರವನ್ನು ಚಾಮರಾಜನಗರದವರಿಗಿಂತ ನೀಲಗಿರಿಯವರೇ ಚೆನ್ನಾಗಿ ಇಟ್ಟುಕೊಂಡಿದ್ದಾರೆ.

ರಾತ್ರಿ ಊಟಕ್ಕೆ ಅವರೆಕಾಳು, ಆಲೂಗಡ್ಡೆ ಹಾಕಿದ ಉದಕ ಅನ್ನುವ ಸಾರು. ಜೊತೆಗೆ ರಾಗಿದು. ಅದಕ್ಕೆ ಅವರು ಹಿಟ್ಟು ಅಂದರು. ನಮ್ಮ ಮೈಸೂರಿನ ಮನೆಯಲ್ಲಿ ನಾವೆಲ್ಲ ಮುದ್ದೆ ಅಂತೀವಿ, ಅಮ್ಮ ಒಬ್ಬಳೇ ಈಗಲೂ 'ಇಟ್ಟು' ಅನ್ನುವುದು. ನಾವು ನಗುತ್ತಿದ್ದೆವು. ಆವತ್ತು ಅವಳು ನನ್ನನ್ನು ಒಂದು ನೋಟ ನೋಡಿದಳು ನೋಡಿ!

ಒಂದೂವರೆ ಹಿಟ್ಟು ತಿಂದಳು. ಎರಡು ತಿಂಗಳಲ್ಲಿ ಇದೇ ಮೊದಲು.

ಎರಡನೇ ದಿನ

ಬೆಳಗ್ಗೆ ಗೀಜರ್ ಕೆಟ್ಟಿತ್ತು. ಕೋಣೆ ಬುಕ್ ಮಾಡುವಾಗ 24 ಗಂಟೆ ಬಿಸಿನೀರು ಅಂತ ದೊಡ್ಡದಾಗಿ ಹಾಕಿದ್ದರು, ನಾನು ಮುಖ ಊದಿಸಿಕೊಂಡು ಕೆಳಗೆ ಇಳಿದರೆ ಅಮ್ಮ ಆಗಲೇ ಹಿತ್ತಲಲ್ಲಿ ಸೌದೆ ಒಲೆ ಮುಂದೆ ಕೂತು ಹಂಡೆ ಕಾಯಿಸುತ್ತಿದ್ದಳು, ಮನೆಯೊಡತಿಯ ಜೊತೆ ಮಾತು ಬೇರೆ. ಆ ಅಕ್ಕನ ಮೊಮ್ಮಗಳನ್ನು ಇಬ್ಬರೂ "ಕೂಸು, ಕೂಸು" ಅಂತಲೇ ಕರೆಯುತ್ತಿದ್ದರು. ಅಮ್ಮ ನನ್ನನ್ನೂ ಹಾಗೇ ಕರೆಯೋದು.

ಹತ್ತು ಗಂಟೆಗೆ ಆಟೋ ಮಾಡಿಕೊಂಡು ಕನ್ನೇರಿಮುಕ್ಕಿಗೆ ಹೋದೆವು. ಪೇಟೆಯಿಂದ ಎರಡು ಕಿಲೋಮೀಟರ್. ಜಾನ್ ಸಲಿವನ್ ಕಟ್ಟಿಸಿದ ಪೇತಕಲ್ ಬಂಗಲೆ ಇರುವುದು ಇಲ್ಲಿ. ಬಂಗಲೆ ಅಂದರೆ ದೊಡ್ಡದೇನಲ್ಲ. ಕೆಂಪು ಬಣ್ಣ ಬಳಿದ ಸರಳ ಕಟ್ಟಡ. ಪಾಳು ಬಿದ್ದಿದ್ದನ್ನು ಸರಿ ಮಾಡಿ ನೀಲಗಿರಿಯ ಹಳೆ ಫೋಟೋ, ನಕ್ಷೆಗಳನ್ನು ಇಟ್ಟು ಮ್ಯೂಸಿಯಂ ಮಾಡಿದ್ದಾರೆ.

ಸಲಿವನ್ ಕೊಯಮತ್ತೂರಿನ ಕಲೆಕ್ಟರ್. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಈ ಬೆಟ್ಟಸೀಮೆ ಕಂಪನಿಯ ಕೈಗೆ ಬಂದಿತ್ತು, ಆದರೆ ಇಪ್ಪತ್ತು ವರ್ಷ ಯಾರೂ ಹತ್ತಿ ಬಂದು ನೆಲೆಸಲಿಲ್ಲ. 1818ರಲ್ಲಿ ಇವನ ಕೈಕೆಳಗಿನ ವಿಶ್ ಮತ್ತು ಕಿಂಡರ್ಸ್ಲಿ ಅನ್ನುವ ಇಬ್ಬರು ಹತ್ತಿ ಹೋಗಿ, ಕೆಳಗೆ ಬೆಂಕಿ ಸುರಿಯುವಾಗ ಮೇಲೆ ಚಳಿ ಇದೆ ಅಂತ ಸುದ್ದಿ ತಂದರು. 1819ರ ಜನವರಿಯಲ್ಲಿ ಸಲಿವನ್ ತಾನೇ ಬಂದ. ಪಕ್ಕದ ದಿಂಬಟ್ಟಿ ಕಣಿವೆ ಅವನಿಗೆ ಹಿಡಿಸಿಬಿಟ್ಟಿತು. ಇದು ಸ್ವಿಟ್ಜರ್ಲೆಂಡ್ ಇದ್ದ ಹಾಗಿದೆ ಅಂತ ಕಂಪನಿಯ ದೊಡ್ಡ ಅಧಿಕಾರಿ ಥಾಮಸ್ ಮನ್ರೋಗೆ ಕಾಗದ ಬರೆದ. ಅವತ್ತಿನಿಂದ ಇವತ್ತಿನವರೆಗೆ ನಮ್ಮ ಪ್ರತಿ ಗುಡ್ಡಕ್ಕೂ ಸ್ವಿಟ್ಜರ್ಲೆಂಡ್ ಅನ್ನುವ ಚಟ ಬಿಟ್ಟಿಲ್ಲ.

ನನಗೆ ಇಷ್ಟವಾದ ಕತೆ ಬೇರೆ. ಅದೇ 1819ರಲ್ಲಿ ಲೆಶನೋ ದ ಲಾ ತೂರ್ ಅನ್ನುವ ಫ್ರೆಂಚ್ ಸಸ್ಯವಿಜ್ಞಾನಿ, ಬಯಲುಸೀಮೆಯಲ್ಲಿ ಕಾಯಿಲೆ ಬಿದ್ದು ಸಾಯುವ ಹಾಗಾಗಿದ್ದವನು, ಈ ಬೆಟ್ಟಕ್ಕೆ ಬಂದು ಚೇತರಿಸಿಕೊಂಡ. ಗಿಡ ಹುಡುಕುತ್ತಾ ಓಡಾಡುವಷ್ಟು ಗಟ್ಟಿಯಾದ. ಹವಾ ಬದಲಾವಣೆಗೆ ನೀಲಗಿರಿಗೆ ಬಂದು ಹುಷಾರಾದ ಯುರೋಪಿನವರಲ್ಲಿ ಇವನು ಮೊದಮೊದಲಿನವನು. ಆಮೇಲೆ ಮದ್ರಾಸಿನ ಜ್ವರದವರು, ಲಿವರ್ ಕೆಟ್ಟವರು, ಬೇದಿಯವರು ಎಲ್ಲ ಸಾಲು ಹಿಡಿದರು. 1855ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯೂ ಆರೋಗ್ಯಕ್ಕೆಂದು ನೀಲಗಿರಿಗೆ ಬಂದಿದ್ದ. ಅಷ್ಟು ಹೊತ್ತಿಗೆ ಸಲಿವನ್ ಊಟಿಯನ್ನು ಕಟ್ಟಿ ಬೆಳೆಸಿಯಾಗಿತ್ತು, ಕೋಟಗಿರಿ ಸುಮ್ನೆ ಹಿಂದೆ ಉಳಿಯಿತು.

ಮ್ಯೂಸಿಯಂ ಬೋರ್ಡಿನಲ್ಲಿ ಸಲಿವನ್ ನೀಲಗಿರಿಯನ್ನು 'ಕಂಡುಹಿಡಿದವನು' ಅನ್ನುವ ಅರ್ಥದ ಮಾತಿತ್ತು. ಅದನ್ನು ಅಮ್ಮನಿಗೆ ಓದಿ ಹೇಳುವಾಗ ನನಗೆ ಅವಳದೇ ಊರು ನೆನಪಾಯಿತು. ಚಾಮರಾಜನಗರದ ಪಾರ್ಶ್ವನಾಥ ಬಸದಿ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸ ಕಟ್ಟಿಸಿದ್ದು, 1117ರ ಶಾಸನ ಇದೆ. ತೊದವರನ್ನು ಬೆದರಿಸಿದೆ, ನೀಲಗಿರಿಯನ್ನು ಹಿಡಿದೆ ಅಂತ ಅದರಲ್ಲಿ ಅವನ ಜಂಬ. ತೊದವರು ಅಂದರೆ ಇಲ್ಲಿ ಎಮ್ಮೆ ಸಾಕುವ ತೋಡರು. ಇತಿಹಾಸದಲ್ಲಿ ಅವರ ಹೆಸರು ಬರುವುದು ಅಲ್ಲೇ ಮೊದಲು. ಸಲಿವನ್‌ಗಿಂತ 700 ವರ್ಷ ಹಿಂದೆ. ಅಮ್ಮ ಆ ಬಸದಿ ಪಕ್ಕದಲ್ಲೇ ಆಡಿ ಬೆಳೆದವಳು.

"ಅಲ್ಲಿ ನಾವು ಕುಂಟೆಬಿಲ್ಲೆ ಆಡ್ತಿದ್ವು ಕಣ ಕೂಸೇ" ಅಂದಳು. "ಕಲ್ಲಲ್ಲಿ ಇಂಗೆಲ್ಲ ಬರ್ದದೆ ಅಂತ ಯಾರೂ ಏಳ್ನಿಲ್ಲ."

ಸಲಿವನ್‌ನನ್ನು ಬೈಯಲು ನನಗೆ ಮನಸ್ಸಿಲ್ಲ. ಜಮೀನು ತೋಡರದು, ಕಂಪನಿ ಅದಕ್ಕೆ ದುಡ್ಡು ಕೊಡಬೇಕು ಅಂತ ಮೇಲಿನವರ ಜೊತೆ ಜಗಳ ಆಡಿದವನು ಅವನು. ಹೆಂಡತಿ, ಮಗಳು ಇಬ್ಬರೂ ಇಲ್ಲೇ ತೀರಿಕೊಂಡರು. ಅವರ ಗೋರಿ ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿನಲ್ಲಿದೆ. ಆ ಚರ್ಚಿನ ತೊಲೆಗಳು ಶ್ರೀರಂಗಪಟ್ಟಣದ ಲಾಲ್ ಮಹಲ್ ಕೆಡವಿ ಹೊತ್ತು ತಂದವು. ಟಿಪ್ಪುವಿನ ಅರಮನೆಯ ಮರ ಈ ಘಾಟಿಯನ್ನೆಲ್ಲ ಹತ್ತಿ ಚರ್ಚಿನ ಛಾವಣಿ ಆಯಿತು!

ಮಧ್ಯಾಹ್ನ ಲಾಂಗ್‌ವುಡ್ ಶೋಲಾ. ಊರಿಗೆ ಅಂಟಿಕೊಂಡೇ ಇರುವ 116 ಹೆಕ್ಟೇರ್ ಕಾಡು. ಟೀ ತೋಟಗಳ ನಡುವೆ ದ್ವೀಪದ ಹಾಗೆ ಉಳಿದಿದೆ. ಒಳಗೆ ಕಾಲಿಟ್ಟ ತಕ್ಷಣ ಸದ್ದು ಬದಲಾಗುತ್ತದೆ, ಹಾವಸೆ ಹಿಡಿದ ಮರಗಳು, ನೆಲ ಒದ್ದೆ ಸ್ಪಂಜಿನ ಹಾಗೆ. ಸುತ್ತಲಿನ ಹಳ್ಳಿಗಳಿಗೆ ಕುಡಿಯುವ ನೀರು ಬರುವುದು ಇದರ ಹೊಟ್ಟೆಯಿಂದ. 2024ರ ಜನವರಿಯಲ್ಲಿ ಇದು ಜಗತ್ತಿನ ಮುಖ್ಯ ಜೌಗು ನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಅದೇ ಪಟ್ಟಿಯಲ್ಲಿ ನಮ್ಮ ಅಂಕಸಮುದ್ರ, ಮಾಗಡಿ ಕೆರೆಗಳೂ ಅಘನಾಶಿನಿಯ ಅಳಿವೆಯೂ ಸೇರಿದ್ದು. ನೂರು ಹೆಜ್ಜೆ ನಡೆದು ಅಮ್ಮ ಒಂದು ಬೇರಿನ ಮೇಲೆ ಕೂತಳು. ಅರ್ಧ ಗಂಟೆ ಮಾತೇ ಆಡಲಿಲ್ಲ. ಸುಸ್ತಾಯ್ತಾ ಅಂದರೆ, "ಸುಮ್ನಿರು, ಉಸಿರು ತಗೊತಾ ಇವ್ನಿ" ಅಂದಳು.

ಮೂರನೇ ದಿನ

ಕೂನೂರಿಗೆ ಬಸ್ಸು, 20 ಕಿಲೋಮೀಟರ್. ಸಿಮ್ಸ್ ಪಾರ್ಕ್ ನೋಡಿದೆವು, ಚೆನ್ನಾಗಿದೆ, ಹೂವು ಇವೆ. ನಾನು ಹೋದದ್ದು ಅದರ ಎದುರಿಗಿರುವ ಪಾಶ್ಚರ್ ಇನ್‌ಸ್ಟಿಟ್ಯೂಟ್ ನೋಡಲು, ಹೊರಗಿನಿಂದಲಾದರೂ. 1902ರಲ್ಲಿ ಲಿಲಿ ಪಾಕೆನ್‌ಹ್ಯಾಮ್ ವಾಲ್ಶ್ ಅನ್ನುವ ಹೆಂಗಸು ಹುಚ್ಚುನಾಯಿ ರೋಗಕ್ಕೆ ಸರಿಯಾದ ಔಷಧ ಹತ್ತಿರದಲ್ಲಿ ಸಿಗದೆ ಸತ್ತ ಮೇಲೆ, 1907ರಲ್ಲಿ ಶುರುವಾಯಿತು.

ಇದೇ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಅನ್ನುವ ಡಾಕ್ಟರು 1918ರಲ್ಲಿ ಬೆರಿಬೆರಿ ರೋಗದ ಬಗ್ಗೆ ಕೆಲಸ ಶುರು ಮಾಡಿದರು. ಅದೇ ಬೆಳೆದು 1958ರಲ್ಲಿ ಹೈದರಾಬಾದಿಗೆ ಹೋಗಿ ಈಗಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಆಗಿದೆ. ಮೆಕ್ಯಾರಿಸನ್ ಇಲಿಗಳನ್ನು ಗುಂಪು ಗುಂಪು ಮಾಡಿ ಒಂದಕ್ಕೆ ಸಿಖ್ಖರ ಊಟ, ಒಂದಕ್ಕೆ ಪಠಾಣರದು, ಮರಾಠರದು, ಬಂಗಾಳಿಗಳದು, ಮದ್ರಾಸಿಗಳದು ಅಂತ ಹಾಕಿ ತೂಕ ನೋಡಿದರು. ಗೋಧಿ, ಹಾಲು, ಬೆಣ್ಣೆ, ತರಕಾರಿ ತಿಂದ ಸಿಖ್ ಇಲಿಗಳು ಮೊದಲು. ಪಾಲಿಶ್ ಅಕ್ಕಿ ತಿಂದ ಮದ್ರಾಸಿ ಇಲಿಗಳು ಕೊನೆ. ಒಂದು ಗುಂಪಿಗೆ ಕನ್ನಡದವರ ಊಟವೂ ಇತ್ತು. ಅದೂ ಕೆಳಗಿನ ಸಾಲಲ್ಲೇ.

ಅಮ್ಮನಿಗೆ ಸಿಟ್ಟು ಬಂತು. "ಅನ್ನ ಆಕಿರ್ತಾರೆ. ಇಟ್ಟು ಆಕಿದ್ರೆ ಗೊತ್ತಾಗಿರೋದು."

ವಾಪಸ್ ಬರುವಾಗ ರಸ್ತೆಯಲ್ಲಿ ಬಿಳಿ ಬಟ್ಟೆಯ ಜನ. ಗಂಡಸರಿಗೆ ಬಿಳಿ ಪಂಚೆ, ಬಿಳಿ ಪೇಟ, ಹೆಂಗಸರಿಗೂ ಬಿಳಿಯೇ, ಟೀ ತೋಟದ ಹಸಿರಿನ ನಡುವೆ ಉದ್ದಕ್ಕೆ ನಡೆಯುತ್ತಿದ್ದರು. ಹೆತ್ತೆ ಹಬ್ಬದ ದಿನಗಳು. ಹತ್ತಿರದ ಬೇರಗಣಿಯಲ್ಲಿ ಹೆತ್ತೆಯ ಗುಡಿ ಇದೆ. ಹೆತ್ತೆ ಅಂದರೆ ಬಡಗರಿಗೆ ಅಜ್ಜಿ, ಕುಲದ ಮೂಲದ ಹೆಣ್ಣು, ಅವಳೇ ದೇವರು. "ಎತ್ತವಳೇ ಎತ್ತೆ, ಇನ್ನೇನು" ಅಂದಳು ಅಮ್ಮ. ಪಂಡಿತರು ಒಪ್ಪುತ್ತಾರೋ ಇಲ್ಲವೋ, ಬಸ್ಸಿನಲ್ಲಿ ಪಕ್ಕ ಕೂತಿದ್ದ ಬಡಗರ ಅಜ್ಜಿ ಹೌದೌದು ಅಂತ ತಲೆ ಆಡಿಸಿದರು.

ಊರಿನ ಹೆಸರು ಮಾತ್ರ ಬಡಗರದಲ್ಲ. ನಕ್ಷೆಯಲ್ಲಿ ಕೋಟಗಿರಿ, ಇಲ್ಲಿಯವರ ಬಾಯಲ್ಲಿ ಕೋತಗಿರಿ. ಮೂಲದಲ್ಲಿ ಕೋತರ ಕೇರಿ. ಕೇರಿ ಹೋಗಿ ಗಿರಿ ಆಗಿದೆ, ಗುಡ್ಡದ ಮೇಲಿದೆಯಲ್ಲ, ಯಾರಿಗೂ ಅನುಮಾನ ಬರಲಿಲ್ಲ. ಕೋತರು ಸುಮಾರು ಎರಡು ಸಾವಿರ ಜನ ಅಷ್ಟೇ, ನೀಲಗಿರಿಯಲ್ಲಿ ಅವರ ಊರು ಏಳೇ. ಕಬ್ಬಿಣ, ಮರ, ಮಡಕೆ, ವಾದ್ಯ ಎಲ್ಲ ಅವರ ಕೈಯದು. ಗಂಡಸರು ಕಮ್ಮಾರಿಕೆ ಮಾಡಿದರೆ ಮಡಕೆ ಮಾಡುವುದು ಹೆಂಗಸರು. ಬಡಗರಿಗೆ ನೇಗಿಲು, ತೋಡರಿಗೆ ಮಡಕೆ ಇವರಿಂದ, ಬದಲಿಗೆ ಧಾನ್ಯ, ತುಪ್ಪ. ಕಾಡಿನ ಜೇನು ಕುರುಂಬರಿಂದ. ಹಣ ಇಲ್ಲದ ಸಂತೆ. ಕೋತರ ದೇವರ ಜಾಗಕ್ಕೆ ಹೊರಗಿನವರು ಹೋಗುವ ಹಾಗಿಲ್ಲ, ನಾವು ರಸ್ತೆಯಿಂದಲೇ ನೋಡಿ ಮುಂದೆ ಹೋದೆವು.

ನಾಲ್ಕನೇ ದಿನ

ಕೊಡನಾಡು ವ್ಯೂ ಪಾಯಿಂಟ್. ಕೋಟಗಿರಿಯಿಂದ ಸುಮಾರು 18 ಕಿಲೋಮೀಟರ್, ದಾರಿಯುದ್ದಕ್ಕೂ ಟೀ. ಜಯಲಲಿತಾ ಅವರ ಎಸ್ಟೇಟ್ ಇರುವುದೂ ಈ ಕಡೆಗೇ. "ಉಟ್ಟಿದ್ದು ನಮ್ಮ ಮೇಲುಕೋಟೇಲಿ" ಅಂತ ಅಮ್ಮ ಆಟೋದವನಿಗೆ ಹೇಳಿದಳು. ಅವನಿಗೂ ಗೊತ್ತಿತ್ತು.

ನೆಲ ಅಲ್ಲಿ ದಿಢೀರಂತ ಮುಗಿಯುತ್ತದೆ. ಕೆಳಗೆ ಮೋಯಾರ್ ಹೊಳೆ ದಾರದ ಹಾಗೆ, ಬಲಕ್ಕೆ ರಂಗಸ್ವಾಮಿ ಬೆಟ್ಟ, ಇರುಳ ಬುಡಕಟ್ಟಿನವರ ದೇವರು. ದೂರದಲ್ಲಿ ಭವಾನಿಸಾಗರದ ನೀರು ಹೊಳೆಯುತ್ತಿತ್ತು. ದಣ್ಣಾಯಕನ ಕೋಟೆ ಆ ನೀರಿನ ಕೆಳಗಿದೆ. ಹೊಯ್ಸಳರ ದಂಡನಾಯಕರು ಇದ್ದದ್ದು ಅಲ್ಲಿ, ಸಲಿವನ್ ಬೆಟ್ಟ ಹತ್ತಲು ಹೊರಟದ್ದೂ ಆ ದಾರಿಯಲ್ಲೇ. 1955ರಲ್ಲಿ ಅಣೆಕಟ್ಟು ಮುಗಿದು ಎಲ್ಲ ಮುಳುಗಿತು.

ನಾನು ಫೋನಿನಲ್ಲಿ ದಿಕ್ಕು ನೋಡಿದೆ. ಎದುರಿಗೆ ಉತ್ತರ. ಕಣಿವೆಯ ಆಚೆ ಮಬ್ಬಾಗಿ ಕಾಣುವ ಎತ್ತರದ ಬಯಲು ಮೈಸೂರು ಸೀಮೆ. ಅಮ್ಮನ ಊರು ಇಲ್ಲಿಂದ ಹಕ್ಕಿ ಹಾರಿದರೆ 60 ಕಿಲೋಮೀಟರ್ ಕೂಡ ಇಲ್ಲ, ಸರಿಯಾಗಿ ಬಡಗಲಿಗೆ. ನಾವು ಬಂದದ್ದು ಮಾತ್ರ ಇಡೀ ದಿನ ಸುತ್ತಿ. ಬಡಗರು ಅಂದರೆ ಬಡಗಲಿಂದ ಬಂದವರು ಅಂತಲೇ ಹೆಸರು. ಏಳು ಜನ ಅಣ್ಣತಮ್ಮಂದಿರು, ಒಬ್ಬಳು ತಂಗಿ, ಯಾವನೋ ದೊರೆ ತಂಗಿಯನ್ನು ಕೇಳಿದಾಗ ಮೈಸೂರು ಸೀಮೆ ಬಿಟ್ಟು ಈ ಕಣಿವೆ ಇಳಿದು ಹತ್ತಿ ಬಂದರು ಅನ್ನುವ ಕತೆ ಇದೆ. ನಾವು ಮೊದಲಿಂದಲೂ ಇಲ್ಲಿಯವರೇ ಅನ್ನುವ ಬಡಗರೂ ಇದ್ದಾರೆ, ಆ ವಾದ ನಾನು ಇಲ್ಲಿ ಎಳೆಯಲ್ಲ.

ಅಮ್ಮ ಕಟಕಟೆ ಹಿಡಿದು ಬಹಳ ಹೊತ್ತು ನೋಡಿದಳು. "ಅಲ್ಲಿ ಒಗೆ ಆಡ್ತದಲ್ಲ, ಅದು ನಮ್ಮೂರೇ ಇರ್ಬೇಕು" ಅಂದಳು. ಇರಲಾರದು. ನಾನು ಸುಮ್ಮನಿದ್ದೆ.

ಸಂಜೆಗೆ ಚೀಲ ಕಟ್ಟಿದೆವು. ಮರುದಿನ ಬೆಳಗ್ಗೆ ಮನೆಯೊಡತಿ ಒಂದು ಕವರಿನಲ್ಲಿ ಅವರೆಕಾಳು ಕಟ್ಟಿಕೊಟ್ಟು ಬಸ್‌ಸ್ಟ್ಯಾಂಡಿನವರೆಗೂ ಬಂದರು. ಪ್ಲಾಸ್ಟಿಕ್ ನಿಷೇಧ ಇಲ್ಲಿ ಕಟ್ಟುನಿಟ್ಟು, ಕಾಗದದ ಕವರೇ. ಅಮ್ಮ ಅವರ ಕೈ ಹಿಡಿದುಕೊಂಡು, ಯುಗಾದಿಗೆ ನಮ್ಮ ಅಟ್ಟಿಗೆ ಬಂದೇ ಬರಬೇಕು ಕಣಕ್ಕಾ ಅಂದಳು. ಚಾಮರಾಜನಗರದಲ್ಲಿ ಹಟ್ಟಿ ಅಂದರೆ ಮನೆ. ಬಡಗರಲ್ಲಿ ಹಟ್ಟಿ ಅಂದರೆ ಇಡೀ ಊರು.

ಆ ಅಕ್ಕ ಖುಷಿಯಾಗಿ, ನಿಮ್ಮ ಹಟ್ಟಿಯಲ್ಲಿ ಎಷ್ಟು ಮನೆ ಇವೆ ಅಂತ ಕೇಳಿದರು.

ಅಮ್ಮ ಬೆರಳು ಮಡಚಿ ಎಣಿಸತೊಡಗಿದಳು. ಬಸ್ಸು ಹೊರಟರೂ ಕಿಟಕಿಯಿಂದ ಇನ್ನೂ ಎಣಿಸುತ್ತಲೇ ಇದ್ದಳು, ಅಕ್ಕನ ಮನೆ, ತಮ್ಮನದು, ಚಿಕ್ಕಪ್ಪನ ಮಗನದು.